ಪುನುಗು ಬೆಕ್ಕು: ಪರೀಕ್ಷಾ ಟಿಪ್ಪಣಿ

ಹೆಸರಿನಲ್ಲಿ ಬೆಕ್ಕಿದ್ದರೂ ಇದು ಬೆಕ್ಕಿನ ಕುಟುಂಬದ್ದಲ್ಲ, ವಿವೆರಿಡೇ ಕುಟುಂಬದ್ದು. ವೈಜ್ಞಾನಿಕ ಹೆಸರು ವಿವೆರಿಕುಲಾ ಇಂಡಿಕಾ. ಈ ಕುಲದಲ್ಲಿರುವುದು ಇದೊಂದೇ ಪ್ರಭೇದ. ತೂಕ ಸುಮಾರು 2ರಿಂದ 4 ಕೆ.ಜಿ.; ಬಾಲದಲ್ಲಿ ಕಪ್ಪು ಬಳೆಗಳು. ನಿಶಾಚರಿ, ಹೆಚ್ಚಾಗಿ ನೆಲವಾಸಿ. ಇಲಿ, ಕೀಟ, ಹಣ್ಣು ಆಹಾರ. ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಇದರ ನೆಲೆ. ಮಡಗಾಸ್ಕರ್‌ಗೆ ಮನುಷ್ಯರು ಒಯ್ದದ್ದು.

ಬಾಲದ ಬುಡದ ಗ್ರಂಥಿಯಿಂದ ಬರುವ ಸುಗಂಧದ್ರವ್ಯವೇ ಪುನುಗು. ತಿರುಮಲದ ವೆಂಕಟೇಶ್ವರನ ಸೇವೆಯಲ್ಲಿ ಇಂದಿಗೂ ಪುನುಗಿನ ತೈಲಕ್ಕೆ ಸ್ಥಾನವಿದೆ.

ಅಭ್ಯರ್ಥಿಗಳು ಎಡವುವುದು ಇಲ್ಲಿ: ಕಾಫಿ ಹಣ್ಣು ತಿಂದು ಬೀಜ ವಿಸರ್ಜಿಸುವುದಕ್ಕೆ ಹೆಸರಾದದ್ದು ಮರವೇರುವ ಇನ್ನೊಂದು ಪ್ರಭೇದ. ಪಶ್ಚಿಮ ಘಟ್ಟದ ಮಲಬಾರ್ ಪುನುಗು ಬೆಕ್ಕೂ ಬೇರೆಯೇ. ಅದು ಐಯುಸಿಎನ್ ಪಟ್ಟಿಯಲ್ಲಿ ‘ತೀವ್ರ ಅಪಾಯದಂಚಿನಲ್ಲಿರುವ’ ಜೀವಿ. ವಿವೆರಿಕುಲಾ ಇಂಡಿಕಾ ಮಾತ್ರ ‘ಕಡಿಮೆ ಕಾಳಜಿ’ ವರ್ಗದಲ್ಲಿದೆ.