ಮೊದಲು ತಕ್ಕಡಿ, ಆಮೇಲೆ ಬ್ಯಾಗು

‘ಒಂದೇ ಬ್ಯಾಗಿನಲ್ಲಿ ಹೋಗಿಬರಬೇಕು ಅಂತಿದ್ದೇನೆ, ಯಾವುದು ಕೊಳ್ಳಲಿ?’ ಎಂದು ಕೇಳುವವರಿಗೆಲ್ಲ ನನ್ನ ಮೊದಲ ಮಾತು ಒಂದೇ: ಈ ವಾರ ಅಂಗಡಿಗೆ ಹೋಗಬೇಡಿ. ಅದಕ್ಕಿಂತ ಮುಂಚೆ ಮನೆಯಲ್ಲೇ ಆಗಬೇಕಾದ ಕೆಲಸವೊಂದಿದೆ. ನಾಲ್ಕೈದು ದಿನದ ಪ್ರಯಾಣಕ್ಕೆ ನೀವು ನಿಜವಾಗಿ ಒಯ್ಯುವ ಬಟ್ಟೆ, ಚಾರ್ಜರು, ಮಾತ್ರೆ, ಸೋಪಿನ ಡಬ್ಬಿ, ಓದುವ ಪುಸ್ತಕ ಎಲ್ಲವನ್ನೂ ಮಂಚದ ಮೇಲೆ ಹರಡಿ. ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು 50 ಸೆಂ.ಮೀ. ಎತ್ತರ, 32 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ ಬರುವಂತೆ ಕತ್ತರಿಸಿ ಅಂಟಿಸಿ. ಸಾಮಾನನ್ನೆಲ್ಲ ಅದರೊಳಗೆ ಜೋಡಿಸಿ ನೋಡಿ. ಅದು 32 ಲೀಟರಿನ ಜಾಗ. ತುಂಬಿ ಉಳಿಯಿತೋ, ಅರ್ಧ ಸಾಮಾನು ಹೊರಗೇ ಬಿತ್ತೋ ಎಂಬುದು ಆಗಲೇ ಗೊತ್ತಾಗುತ್ತದೆ. ಆಮೇಲೆ ಪೆಟ್ಟಿಗೆಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು, ಉಳಿದದ್ದನ್ನು ಬರೆದಿಟ್ಟುಕೊಳ್ಳಿ. ಯಾವ ಬ್ಯಾಗು ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಆ ಸಂಖ್ಯೆಯಲ್ಲೇ ಇರುತ್ತದೆ.

ಏಕೆಂದರೆ ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಎಕಾನಮಿ ಟಿಕೆಟಿನವರಿಗೆ ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ 7 ಕಿಲೋ. ಅಳತೆಯಲ್ಲಿ ಎತ್ತರ, ಅಗಲ, ದಪ್ಪ ಮೂರೂ ಕೂಡಿ 115 ಸೆಂ.ಮೀ. ದಾಟಬಾರದು. ಈ 115 ಅನ್ನು ಕೆಲವು ಕಡೆ 55, 35, 25 ಎಂದು ಬಿಡಿಸಿರುತ್ತಾರೆ, ಕೆಲವು ಕಡೆ 55, 40, 20 ಎಂದು. ಮೊತ್ತ ಒಂದೇ ಆದರೂ ಆಕಾರ ಬೇರೆ. ಎರಡಕ್ಕೂ ಸಲ್ಲುವ ಬ್ಯಾಗು ಬೇಕೆಂದರೆ ಎರಡರಲ್ಲೂ ಚಿಕ್ಕದಾದ ಅಳತೆಯನ್ನೇ ಹಿಡಿಯಬೇಕು: 55, 35, 20. ಗುಣಿಸಿದರೆ ಮೂವತ್ತೆಂಟೂವರೆ ಲೀಟರು. ಬ್ಯಾಗಿನ ಮೂಲೆಗಳು ದುಂಡಗಿರುವುದರಿಂದ ನಿಜವಾಗಿ ಸಿಗುವ ಜಾಗ ಇನ್ನೂ ಸ್ವಲ್ಪ ಕಡಿಮೆ. ಹೊಸಬರು 30ರಿಂದ 38 ಲೀಟರಿನೊಳಗೆ ಹುಡುಕಿದರೆ ಸಾಕು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ. 45 ಲೀಟರಿನ ಬ್ಯಾಗುಗಳನ್ನೂ ‘ಕ್ಯಾಬಿನ್ ಬ್ಯಾಗ್’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಖಾಲಿಯಿದ್ದಾಗ ಅವು ಅಳತೆಗೆ ಕೂಡುತ್ತವೆ. ತುಂಬಿದ ಮೇಲೆ ಮುಂಭಾಗ ಉಬ್ಬಿ ದಪ್ಪ ಮೀರುತ್ತದೆ, ತೂಕವಂತೂ 7 ಕಿಲೋದಲ್ಲಿ ನಿಲ್ಲುವುದಿಲ್ಲ. ಲೀಟರನ್ನು ಎಲ್ಲ ಕಂಪನಿಯವರೂ ಒಂದೇ ರೀತಿ ಅಳೆಯುವುದಿಲ್ಲವಾದ್ದರಿಂದ ಅಂಗಡಿಗೆ ಹೋಗುವಾಗ ಟೇಪು ಜೇಬಿನಲ್ಲಿರಲಿ. ಹಿಡಿಕೆ, ಹೊರಜೇಬು, ಬಕಲು ಎಲ್ಲವನ್ನೂ ಸೇರಿಸಿಯೇ ಅಳೆಯಿರಿ. ಕೌಂಟರಿನವರು ಅಳೆಯುವುದೂ ಹಾಗೆಯೇ.

ಈಗ ತೂಕದ ವಿಷಯ. ಹೊಸಬರು ಇದನ್ನು ಕೊನೆಯಲ್ಲಿ ಯೋಚಿಸುತ್ತಾರೆ, ನಾನು ಮೊದಲಿಗೇ ಇಡುತ್ತೇನೆ. ಗಾಲಿ ಇರುವ ಕ್ಯಾಬಿನ್ ಸೂಟ್‌ಕೇಸು ಖಾಲಿಯೇ ಎರಡೂವರೆ ಕಿಲೋ ಹತ್ತಿರ ತೂಗುವುದು ಸಾಮಾನ್ಯ. ಹೊರದೇಶಗಳಲ್ಲಿ ಹೆಸರಾದ ಆಸ್ಪ್ರೇ ಫಾರ್‌ಪಾಯಿಂಟ್ 40ರಂಥ ಗಟ್ಟಿಮುಟ್ಟಾದ ಬ್ಯಾಕ್‌ಪ್ಯಾಕು ಸುಮಾರು ಒಂದೂವರೆ ಕಿಲೋ. ಹುಡುಕಿದರೆ ಒಂದು ಕಿಲೋ ಆಸುಪಾಸಿನವೂ ಸಿಗುತ್ತವೆ. ಲ್ಯಾಪ್‌ಟಾಪು ಮತ್ತು ಅದರ ಚಾರ್ಜರು ಸೇರಿ ಒಂದು ಮುಕ್ಕಾಲು ಕಿಲೋ ಎನ್ನೋಣ. ಸೂಟ್‌ಕೇಸಿನವರಿಗೆ ಉಳಿಯುವುದು ಎರಡು ಮುಕ್ಕಾಲು ಕಿಲೋ, ಹಗುರ ಬ್ಯಾಕ್‌ಪ್ಯಾಕಿನವರಿಗೆ ನಾಲ್ಕು ಕಾಲು ಕಿಲೋ. ಈ ಒಂದೂವರೆ ಕಿಲೋ ವ್ಯತ್ಯಾಸದಲ್ಲಿ ಮೂರು ಟೀ ಶರ್ಟು, ಒಂದು ತೆಳು ಪ್ಯಾಂಟು, ಒಳಉಡುಪು, ಚಪ್ಪಲಿ ಎಲ್ಲ ಬಂದುಬಿಡುತ್ತವೆ. ಹಾಗಾಗಿ ಬೆಲೆಚೀಟಿಗಿಂತ ಮೊದಲು ಖಾಲಿ ಬ್ಯಾಗಿನ ತೂಕ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಲಗೇಜು ತೂಗುವ ಕೊಕ್ಕೆಯ ತಕ್ಕಡಿಯಲ್ಲಿ ನೀವೇ ತೂಗಿ. ಕೆಲವು ನೂರು ರೂಪಾಯಿಗೆ ಸಿಗುವ ಆ ತಕ್ಕಡಿ ಬ್ಯಾಗಿನಷ್ಟೇ ಮುಖ್ಯವಾದ ಸಲಕರಣೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ರಾಜ್ಯದವರಿಗೆ ಮೆತ್ತನೆಯ ಬ್ಯಾಗು ಒಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಬೆಂಗಳೂರಿನಿಂದ ಶಿವಮೊಗ್ಗ, ಹುಬ್ಬಳ್ಳಿ ಕಡೆಗೆ ಹಾರುವ ಎಟಿಆರ್ ವಿಮಾನಗಳು ಚಿಕ್ಕವು. ತಲೆಯ ಮೇಲಿನ ಗೂಡೂ ಚಿಕ್ಕದು. ಗಟ್ಟಿ ಚಿಪ್ಪಿನ ಪೆಟ್ಟಿಗೆ ಅದರಲ್ಲಿ ಕೂರದೆ ವಿಮಾನದ ಬಾಗಿಲಲ್ಲೇ ಕೊಟ್ಟುಬಿಡಬೇಕಾಗಬಹುದು. ಪೂರ್ತಿ ತುಂಬದ ಬ್ಯಾಕ್‌ಪ್ಯಾಕಾದರೆ ಒತ್ತಿ ತುರುಕಬಹುದು, ಇಲ್ಲವೇ ಮುಂದಿನ ಸೀಟಿನ ಕೆಳಗೆ ಸರಿಸಬಹುದು. ಇಳಿದ ಮೇಲೆ ಬಸ್‌ಸ್ಟ್ಯಾಂಡು, ಮೇಲ್ಸೇತುವೆ, ಲಿಫ್ಟಿಲ್ಲದ ಲಾಡ್ಜಿನ ಮೆಟ್ಟಿಲು ಇದ್ದೇ ಇರುತ್ತವೆ. ರಾತ್ರಿ ಬಸ್ಸಿನಲ್ಲಿ ಡಿಕ್ಕಿಗೆ ಹಾಕದೆ ಕಾಲ ಬಳಿಯೇ ಇಟ್ಟುಕೊಂಡರೆ ನಿದ್ದೆಯೂ ನಿಶ್ಚಿಂತೆಯಾಗಿ ಬರುತ್ತದೆ.

ಹೊರದೇಶಕ್ಕೆ ಹೊರಟವರು ತಮ್ಮ ಟಿಕೆಟಿನಲ್ಲಿರುವ ಎಲ್ಲ ವಿಮಾನಗಳ ನಿಯಮ ನೋಡಿ, ಅವುಗಳಲ್ಲಿ ಅತಿ ಬಿಗಿಯಾದದ್ದಕ್ಕೆ ಬ್ಯಾಗನ್ನು ಹೊಂದಿಸಬೇಕು. ಅಮೆರಿಕದ ದೊಡ್ಡ ಕಂಪನಿಗಳ ಅಳತೆ 56, 36, 23 ಸೆಂ.ಮೀ. ಲುಫ್ತಾನ್ಸಾದವರದು 55, 40, 23 ಮತ್ತು 8 ಕಿಲೋ. ಯುರೋಪಿನೊಳಗೆ ಅಗ್ಗದ ಟಿಕೆಟಿನಲ್ಲಿ ಸುತ್ತುವವರು ಮಾತ್ರ ಎಚ್ಚರವಾಗಿರಬೇಕು. ರಯಾನ್‌ಏರ್, ವಿಜ್ ಏರ್‌ನಂಥ ಕಂಪನಿಗಳಲ್ಲಿ ಹಣ ಕೊಡದೆ ಒಯ್ಯಬಹುದಾದದ್ದು 40, 30, 20 ಸೆಂ.ಮೀ.ನ ಪುಟ್ಟ ಬ್ಯಾಗು, ಅಂದರೆ 24 ಲೀಟರು. ಇದು ಕಾಲೇಜು ಹುಡುಗರ ಬ್ಯಾಗಿನಷ್ಟು. ಈ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟು ಮಾಡಿಸಿದ ದಿನ ಒಮ್ಮೆ, ಹೊರಡುವ ಮುನ್ನ ಇನ್ನೊಮ್ಮೆ ಓದಿಕೊಳ್ಳಿ.

ಅಳತೆ, ತೂಕ ಎರಡೂ ಸರಿಯಾದ ಮೇಲೆ ಉಳಿಯುವುದು ಬೆನ್ನು. ಬ್ಯಾಗು ಹೊರುವುದು ನಿಮ್ಮ ಬೆನ್ನು, ಗೆಳೆಯರದಲ್ಲ. ಅವರಿಗೆ ಹಿತವಾದದ್ದು ನಿಮ್ಮ ಭುಜವನ್ನು ಕಡಿಯಬಹುದು. ಇಲ್ಲಿ ಎಣಿಕೆಗೆ ಬರುವುದು ನಿಮ್ಮ ಎತ್ತರವಲ್ಲ, ಬೆನ್ನಿನ ಉದ್ದ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅಲ್ಲಿಂದ, ಸೊಂಟದ ಮೂಳೆಗಳ ಮೇಲೆ ಕೈಯಿಟ್ಟಾಗ ಹೆಬ್ಬೆರಳುಗಳು ಬೆನ್ನ ಹಿಂದೆ ಸೂಚಿಸುವ ಗೆರೆಯವರೆಗೆ ಯಾರಿಂದಲಾದರೂ ಅಳೆಯಿಸಿ. ಒಳ್ಳೆಯ ಬ್ಯಾಗುಗಳಲ್ಲಿ ಈ ಉದ್ದಕ್ಕೆ ತಕ್ಕಂತೆ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಬಹುದು, ಅಥವಾ ಬೇರೆ ಬೇರೆ ಸೈಜುಗಳಿರುತ್ತವೆ. ಹೆಂಗಸರಿಗೆಂದೇ ಪಟ್ಟಿಯ ಬಾಗು, ಅಗಲ ಬದಲಿಸಿ ಮಾಡಿದ ಬ್ಯಾಗುಗಳೂ ಇವೆ. ಆಸ್ಪ್ರೇಯವರ ಫಾರ್‌ಪಾಯಿಂಟ್‌ಗೆ ಜೋಡಿಯಾಗಿ ಬರುವ ಫೇರ್‌ವ್ಯೂ ಅಂಥದ್ದು. ಪಟ್ಟಿ ಎದೆಗೆ ಒತ್ತುತ್ತಿದ್ದರೆ ಸಹಿಸಿಕೊಳ್ಳಬೇಡಿ, ಬೇರೆಯದನ್ನು ನೋಡಿ.

7 ಕಿಲೋಗೆ ಸೊಂಟಪಟ್ಟಿ ಬೇಕೇ? ದಿನಕ್ಕೆ ಅರ್ಧ ಗಂಟೆ ನಡೆಯುವವರಿಗೆ ಬೇಡ. ಎದೆಯ ಮುಂದೆ ಕೂಡುವ ಸಣ್ಣ ಪಟ್ಟಿಯೊಂದಿದ್ದರೆ ಸಾಕು, ಅದು ಭುಜದ ಪಟ್ಟಿಗಳು ಜಾರದಂತೆ ಹಿಡಿಯುತ್ತದೆ. ಗಂಟೆಗಟ್ಟಲೆ ಹೊತ್ತು ತಿರುಗುವವರಿಗೆ, ಕುತ್ತಿಗೆ ನೋವು ಇರುವವರಿಗೆ ಸೊಂಟಪಟ್ಟಿ ದೊಡ್ಡ ಉಪಕಾರ. ಭಾರದ ಹೆಚ್ಚಿನ ಪಾಲು ಭುಜದಿಂದ ಇಳಿದು ಸೊಂಟದ ಮೂಳೆಗೆ ಬರುತ್ತದೆ. ಆದರೆ ಆ ಪಟ್ಟಿ ಹೊಟ್ಟೆಯ ಮೇಲಲ್ಲ, ಮೂಳೆಯ ಮೇಲೇ ಕೂರಬೇಕು. ತುಂಬುವ ಕ್ರಮವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನೀರಿನ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ, ದೂರ ಹಿಡಿದರೆ ಭಾರ. ಬ್ಯಾಗಿನಲ್ಲೂ ಲ್ಯಾಪ್‌ಟಾಪು, ಪುಸ್ತಕದಂಥ ಭಾರದ ವಸ್ತುಗಳು ಬೆನ್ನಿಗೆ ಅಂಟಿಕೊಂಡಿರಬೇಕು, ಬಟ್ಟೆ ಹೊರಗಡೆಗೆ. ಲ್ಯಾಪ್‌ಟಾಪಿನ ಜೇಬು ಮುಂಭಾಗದಲ್ಲಿರುವ ಬ್ಯಾಗುಗಳು ಹಿಂದಕ್ಕೆ ಎಳೆಯುತ್ತವೆ. ಅವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಮೇಲಿನಿಂದ ಮಾತ್ರ ತೆರೆಯುವ ಬ್ಯಾಗು ಚಾರಣಕ್ಕೆ ಸರಿ, ಪ್ರಯಾಣಕ್ಕೆ ಅಲ್ಲ. ತಳದಲ್ಲಿರುವ ಪಂಚೆ ತೆಗೆಯಲು ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ. ಜಿಪ್ಪು ಮೂರೂ ಕಡೆ ಸುತ್ತಿಬಂದು ಸೂಟ್‌ಕೇಸಿನಂತೆ ಪೂರ್ತಿ ಬಿಚ್ಚಿಕೊಳ್ಳುವುದನ್ನೇ ಆರಿಸಿ. ಜೇಬುಗಳಿಗೆ ಮರುಳಾಗಬೇಡಿ, ಪ್ರತಿಯೊಂದೂ ಬಟ್ಟೆ, ಜಿಪ್ಪು, ತೂಕ. ಹಳೆಯ ಹತ್ತಿ ಸೀರೆಯಲ್ಲಿ ಹೊಲಿಸಿಕೊಂಡ ಎರಡು ಮೂರು ಚೀಲಗಳು ಬಟ್ಟೆ ಬೇರ್ಪಡಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಬಟ್ಟೆಯ ವಿಷಯ ಬಂದಾಗ ಇನ್ನೊಂದು ಮಾತು: ಜೀನ್ಸು, ಟರ್ಕಿ ಟವೆಲು ಎರಡನ್ನೂ ಬಿಟ್ಟುಹೋಗಿ. ಭಾರ, ಒಣಗುವುದೂ ತಡ. ಕರಾವಳಿಯವರ ತೆಳ್ಳನೆಯ ಬೈರಾಸ ಒಂದಿದ್ದರೆ ಮೈ ಒರೆಸಲಿಕ್ಕೂ ಆಯಿತು, ಹೊದೆಯಲಿಕ್ಕೂ ಆಯಿತು.

ಚೀಟಿಯ ಮೇಲೆ 210ಡಿ, 420ಡಿ, 1000ಡಿ ಎಂದು ಬರೆದಿರುತ್ತದೆ. ಡಿ ಎಂದರೆ ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ಸಂಖ್ಯೆ ಹೆಚ್ಚಿದಂತೆ ಬಟ್ಟೆ ದಪ್ಪ, ಭಾರವೂ ಹೆಚ್ಚು. 7 ಕಿಲೋ ಹೊರಲು 1000ಡಿ ಬೇಕಿಲ್ಲ. 210ರಿಂದ 420ರೊಳಗಿನ ನೈಲಾನು ವರ್ಷಗಟ್ಟಲೆ ಬಾಳುತ್ತದೆ. ಬಟ್ಟೆಗಿಂತ ಮೊದಲು ಕೈಕೊಡುವುದು ಜಿಪ್ಪು ಮತ್ತು ಪಟ್ಟಿ ಸೇರುವ ಹೊಲಿಗೆ. ಜಿಪ್ಪನ್ನು ಮೂಲೆಗಳಲ್ಲಿ ಒಂದೇ ಕೈಯಲ್ಲಿ ಎಳೆದು ನೋಡಿ. ಜಪಾನಿನ ವೈಕೆಕೆ ಎಂಬ ಗುರುತಿದ್ದರೆ ನಂಬಬಹುದು. ಇನ್ನು ಮಳೆ. ‘ವಾಟರ್ ರೆಸಿಸ್ಟೆಂಟ್’ ಎಂದರೆ ಹನಿ ತಡೆಯುತ್ತದೆ ಎಂದಷ್ಟೇ ಅರ್ಥ, ಆಗುಂಬೆಯ ಮಳೆಯನ್ನಲ್ಲ. ನೀರು ನುಗ್ಗುವುದು ಜಿಪ್ಪು, ಹೊಲಿಗೆಗಳ ಸಂದಿನಿಂದ. ಮೇಲೊಂದು ಮಳೆಕವಚ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಎರಡೂ ಇರಲಿ. ಒಳಮೈಯ ಲೇಪನ ತೇವದಲ್ಲಿ ವರ್ಷಗಳ ಮೇಲೆ ಅಂಟಂಟಾಗಿ ಸುಲಿಯುತ್ತದೆ. ಮಲೆನಾಡು, ಕರಾವಳಿಯವರು ಬ್ಯಾಗನ್ನು ಅಟ್ಟದಲ್ಲಿ ಮಡಿಸಿ ತುರುಕದೆ ಗಾಳಿಯಾಡುವ ಕಡೆ ತೂಗುಹಾಕಬೇಕು.

ಅಂಗಡಿಯಲ್ಲಿ ಖಾಲಿ ಬ್ಯಾಗನ್ನು ಹೆಗಲಿಗೇರಿಸಿ ಕನ್ನಡಿ ನೋಡಿದರೆ ಏನೂ ತಿಳಿಯದು. ಬೆಂಗಳೂರಿನವರೇ ಆದ ವೈಲ್ಡ್‌ಕ್ರಾಫ್ಟ್ ಇರಲಿ, ಡೆಕಾಥ್ಲಾನ್ ಇರಲಿ, ನಾಲ್ಕೈದು ಕಿಲೋ ತುಂಬಿಸಿಕೊಂಡು ಕಾಲು ಗಂಟೆ ಓಡಾಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಮನೆಯ ಮೆಟ್ಟಿಲು ಹತ್ತಿಳಿದು ನೋಡುವವರೆಗೆ ಚೀಟಿ ಕೀಳಬೇಡಿ.

ಎಲ್ಲ ಪ್ರಯಾಣವೂ ಒಂದೇ ಬ್ಯಾಗಿಗೆ ಒಗ್ಗುವುದಿಲ್ಲ. ಮದುವೆಗೆ ಹೊರಟವರು ಜರಿಯ ರೇಷ್ಮೆ ಸೀರೆಗಳನ್ನು ಬೆನ್ನ ಮೇಲಿನ ಬ್ಯಾಗಿಗೆ ತುರುಕಿ ಹಾಳುಮಾಡಬಾರದು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರ ಮಾತೂ ಹಾಗೆಯೇ. ಅಂತರರಾಷ್ಟ್ರೀಯ ವಿಮಾನದಲ್ಲಿ ಉಪ್ಪಿನಕಾಯಿ, ತುಪ್ಪ 100 ಮಿ.ಲೀ. ಮೀರಿದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. 350 ಮಿ.ಲೀ.ಗಿಂತ ಹೆಚ್ಚಿನ ಪುಡಿಯನ್ನು, ಅದು ಸಾರಿನ ಪುಡಿಯೇ ಆಗಲಿ ಚಟ್ನಿಪುಡಿಯೇ ಆಗಲಿ, ಅಮೆರಿಕದವರು ಬೇರೆಯಾಗಿ ಪರೀಕ್ಷಿಸುತ್ತಾರೆ, ಅನುಮಾನ ಬಂದರೆ ಕ್ಯಾಬಿನ್ನಿಗೆ ಬಿಡುವುದಿಲ್ಲ. ಇವನ್ನೆಲ್ಲ ಚೆಕ್‌ಇನ್ ಸೂಟ್‌ಕೇಸಿಗೇ ಹಾಕಿ. ಪವರ್‌ಬ್ಯಾಂಕು ಮಾತ್ರ ತದ್ವಿರುದ್ಧ: ಅದು ಸೂಟ್‌ಕೇಸಿಗೆ ಹೋಗುವಂತಿಲ್ಲ, ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಸಾಮಾನ್ಯವಾಗಿ 100 ವ್ಯಾಟ್‌ಅವರ್ ಒಳಗಿನದಾಗಿರಬೇಕು. ಅದರ ಜೊತೆಗೆ ಪಾಸ್‌ಪೋರ್ಟು, ದಿನದ ಮಾತ್ರೆಗಳು, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆಯನ್ನು ಬೆನ್ನಿನ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಸೂಟ್‌ಕೇಸು ಒಂದು ದಿನ ತಡವಾಗಿ ಬಂದರೂ ತೊಂದರೆಯಾಗುವುದಿಲ್ಲ.