ಟೊಮೇಟೊ ಇಳುವರಿ ಮತ್ತು ಬಸಿಗಾಲುವೆ: ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಟೊಮೇಟೊ ಬೆಳೆಯ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 25 ಟನ್. ಎಕರೆ ಲೆಕ್ಕದಲ್ಲಿ ಇದು ಸುಮಾರು 10 ಟನ್. ಮಾರುಕಟ್ಟೆಯ 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ 660ಕ್ಕೂ ಹೆಚ್ಚು ಬಾಕ್ಸು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ಸಂಕರಣ ತಳಿಗೆ ಹೆಕ್ಟೇರಿಗೆ 75ರಿಂದ 80 ಟನ್ ಇಳುವರಿಯನ್ನು ಸೂಚಿಸಲಾಗಿದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಬೀಜದ ಪೊಟ್ಟಣವೊಂದೇ ತುಂಬಲಾರದು. ತುಂಗಾ ಮತ್ತು ಭದ್ರಾ ನಾಲೆಗಳ ಅಚ್ಚುಕಟ್ಟಿನಲ್ಲಿ ಮೊದಲು ಪರಿಶೀಲಿಸಬೇಕಾದುದು ನೆಲದಲ್ಲಿ ನಿಲ್ಲುವ ನೀರನ್ನು.

ಭತ್ತ, ಅಡಿಕೆ ಮತ್ತು ಕಬ್ಬು ಇಲ್ಲಿಯ ಮುಖ್ಯ ಬೆಳೆಗಳು. ಭತ್ತದ ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಟೊಮೇಟೊ ನಾಟಿ ಮಾಡುವುದು ತಾಂತ್ರಿಕವಾಗಿ ಒಳ್ಳೆಯ ಕ್ರಮವೇ ಸರಿ. ಸೊರಗು ರೋಗವನ್ನು ತರುವ ದುಂಡಾಣು ಮಣ್ಣಿನಲ್ಲಿ ವಾಸಿಸುತ್ತದೆ; ಬದನೆ, ಮೆಣಸಿನಕಾಯಿ, ಆಲೂಗಡ್ಡೆಯ ನಂತರ ಟೊಮೇಟೊ ಬೆಳೆದರೆ ಅದು ವೃದ್ಧಿಯಾಗುತ್ತದೆ; ನೀರು ತುಂಬಿದ ಭತ್ತದ ಗದ್ದೆಯಲ್ಲಿ ಕ್ಷೀಣಿಸುತ್ತದೆ. ಆದರೆ ಪಕ್ಕದ ಹಿಡುವಳಿಯಲ್ಲಿ ಬೇಸಿಗೆ ಭತ್ತವಿದ್ದರೆ ಬದುವಿನಡಿಯಿಂದ ಜಿನುಗುವ ನೀರು ಟೊಮೇಟೊ ಬೇರಿಗೆ ತಲುಪುತ್ತದೆ. ಹಾಗೆ ಹರಿದು ಬರುವ ನೀರೇ ರೋಗವನ್ನೂ ಹೊತ್ತು ತರಬಲ್ಲದು. ಆಗ ಒಬ್ಬ ರೈತರ ಸರಿಯಾದ ಬೆಳೆ ಪರಿವರ್ತನೆಯು ನೆರೆಯವರ ನೀರಿನಿಂದ ವ್ಯರ್ಥವಾಗುತ್ತದೆ.

ರೋಗವನ್ನು ಗುರುತಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಎಲೆ ಹಳದಿಯಾಗದೆ, ಹಸಿರಾಗಿದ್ದಂತೆಯೇ ಗಿಡ ಹಠಾತ್ತನೆ ಬಾಡಿದರೆ, ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು. ಶಿಲೀಂಧ್ರನಾಶಕದ ಸಿಂಪರಣೆ ಇದಕ್ಕೆ ಪರಿಹಾರವಲ್ಲ. ಅಂಗಡಿಯಿಂದ ಔಷಧಿ ತಂದು ಹಣ ಕಳೆಯುವುದಕ್ಕೆ ಮುನ್ನ ಈ ಪರೀಕ್ಷೆ ಮಾಡುವುದು ಲೇಸು. ಬಾಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು, ನಾಲೆಗೆ ಎಸೆಯಬಾರದು.

ಅರ್ಕಾ ರಕ್ಷಕ್ ತಳಿಗೆ ಎಲೆ ಮುದುಡು ನಂಜು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯುವ ಗುಣವಿದೆ. ನಿಂತ ನೀರನ್ನು ತಡೆಯುವ ಗುಣ ಯಾವ ಟೊಮೇಟೊ ತಳಿಗೂ ಇಲ್ಲ. ಏರುಮಡಿಯಲ್ಲಿ ನಾಟಿ ಮಾಡುವುದು ರೈತರ ಕೆಲಸ. ಆದರೆ ಹಲವು ಹಿಡುವಳಿಗಳನ್ನು ದಾಟಿ ಹಳ್ಳ ಸೇರುವ ಬಸಿಗಾಲುವೆಯನ್ನು ಒಬ್ಬ ರೈತರು ತೋಡಲಾರರು. ಮಧ್ಯದವರೊಬ್ಬರು ಮುಚ್ಚಿದರೆ ಮೇಲಿನವರೆಲ್ಲರ ಗದ್ದೆ ಜೌಗಾಗುತ್ತದೆ. ಇದು ಗ್ರಾಮಸಭೆಯಲ್ಲಿ ಚರ್ಚಿಸಿ ಕ್ರಿಯಾ ಯೋಜನೆಗೆ ಸೇರಿಸತಕ್ಕ ಕಾಮಗಾರಿ. ಸ್ಥಳ ಪರಿಶೀಲನೆಯನ್ನು ನಾಲೆಯಲ್ಲಿ ನೀರು ಹರಿಯುವಾಗಲೇ ಮಾಡಬೇಕು. ನೀರು ನಿಂತ ಮೇಲೆ ಎಲ್ಲ ಗದ್ದೆಯೂ ಒಣಗಿಯೇ ಕಾಣುತ್ತದೆ.

ಹುಳಿ ಮಣ್ಣಿನಲ್ಲಿ ಸುಣ್ಣದ ಪ್ರಮಾಣವನ್ನು ಮಣ್ಣು ಪರೀಕ್ಷೆಯ ವರದಿಯಂತೆ ನಿರ್ಧರಿಸಬೇಕು. ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಇಳುವರಿ ಹೆಚ್ಚಿದರೆ ಆದಾಯವೂ ಹೆಚ್ಚುವುದೆಂಬ ಖಾತರಿಯಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ವೇಳೆಗೆ ಬೆಲೆ ಕುಸಿಯಿತು. ಜುಲೈ ಬೆಲೆ ಕಂಡು ನಾಟಿ ಮಾಡಿದವರ ಹಣ್ಣು ಕುಸಿದ ಬೆಲೆಗೇ ಮಾರುಕಟ್ಟೆ ಸೇರಿತು.

ಇನ್ನೊಂದು ಅಂಶ ಬೆಳೆ ಸಮೀಕ್ಷೆಯದು. ಗದ್ದೆಯಲ್ಲಿ ಟೊಮೇಟೊ ಇದ್ದು ದಾಖಲೆಯಲ್ಲಿ ಭತ್ತವೆಂದಿದ್ದರೆ, ಅತಿವೃಷ್ಟಿಯಿಂದ ಶೇ. 33ಕ್ಕಿಂತ ಹೆಚ್ಚು ಬೆಳೆ ನಾಶವಾದಾಗಲೂ ಪರಿಹಾರ ಪಡೆಯಲು ತೊಡಕಾಗುತ್ತದೆ. ಸಮೀಕ್ಷೆ ನಡೆಯುವ ದಿನಗಳಲ್ಲಿ ಸದಸ್ಯರು ತಮ್ಮ ವಾರ್ಡಿನ ಟೊಮೇಟೊ ಬೆಳೆಗಾರರನ್ನು ಕಂಡು, ನಮೂದು ಸರಿಯಿದೆಯೇ ಎಂದು ಅವರ ಮುಂದೆಯೇ ನೋಡತಕ್ಕದ್ದು.