ಲಾಕ್‌ಡೌನ್ ಕಾಲದ ಗಾಳಿ: ರೈತರಿಗೊಂದು ಪಾಠ

ಒಣಗಿದ ಸೋಗೆ, ಕಾಯಿ ಮಟ್ಟೆ, ಕಳೆಕಸಗಳನ್ನು ಗುಡ್ಡೆ ಹಾಕಿ ಸಂಜೆಯ ಹೊತ್ತು ಬೆಂಕಿಯಿಡುವುದು ತೆಂಗು ಬೆಳೆಯುವ ಸೀಮೆಯಲ್ಲಿ ವಾಡಿಕೆ. ಸಖರಾಯಪಟ್ಟಣ, ಕಡೂರು, ತರೀಕೆರೆ, ಅಜ್ಜಂಪುರಗಳ ತೋಟಗಾರರಿಗೆ ಇದು ಹೊಸದಲ್ಲ. ಹೊಗೆ ಸ್ವಲ್ಪ ಹೊತ್ತು ಸುಳಿದು ಮರೆಯಾಗುತ್ತದೆ. ಗಾಳಿಗೆ ಹೋದದ್ದು ಹೋಯಿತು, ಅದರಿಂದ ನಮಗೇನು ಎಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯೇ ಎಂಬುದಕ್ಕೆ 2020ರ ಬೇಸಿಗೆಯಲ್ಲಿ ನಗರಗಳ ಗಾಳಿ ಉತ್ತರ ಕೊಟ್ಟಿದೆ.

ನಡೆದದ್ದೇನು?

ಕೊರೋನಾ ರೋಗವನ್ನು ತಡೆಯಲು 2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. 80 ಲಕ್ಷಕ್ಕೂ ಹೆಚ್ಚು ವಾಹನಗಳಿದ್ದ ಬೆಂಗಳೂರಿನ ರಸ್ತೆಗಳು ಬರಿದಾದವು. ಅನೇಕ ಕಾರ್ಖಾನೆಗಳು ನಿಂತವು. ಕೆಲವೇ ದಿನಗಳಲ್ಲಿ ಅಲ್ಲಿನ ಗಾಳಿಯಲ್ಲಿ ವಾಹನದ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಗಣನೀಯವಾಗಿ ಇಳಿಯಿತು. ದೆಹಲಿಯಲ್ಲಿ ಸೂಕ್ಷ್ಮ ಧೂಳಿನ ಕಣಗಳು ಸುಮಾರು ಶೇ. 40ರಿಂದ 50ರಷ್ಟು ಕಡಿಮೆಯಾದವು. ಪಂಜಾಬಿನ ಜಲಂಧರ್ ನಗರದ ಜನರು ಏಪ್ರಿಲ್ ಮೊದಲ ವಾರದಲ್ಲಿ ದೂರದ ಧೌಲಾಧಾರ್ ಹಿಮಪರ್ವತಗಳನ್ನು ಮನೆಯ ಮಾಳಿಗೆಯಿಂದಲೇ ಕಂಡರು.

ಗಾಳಿ ಇಷ್ಟು ಬೇಗ ತಿಳಿಯಾದುದೇಕೆ?

ನೆಲಕ್ಕೆ ಸೇರಿದ ಕೆಲವು ವಿಷಗಳು ವರ್ಷಗಟ್ಟಲೆ ಉಳಿಯುತ್ತವೆ. ಗಾಳಿಯ ಗುಣ ಬೇರೆ. ನೈಟ್ರೋಜನ್ ಡೈಆಕ್ಸೈಡ್ ಬಿಸಿಲಿನಲ್ಲಿ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಮಾರ್ಪಡುತ್ತದೆ. ಸೂಕ್ಷ್ಮ ಕಣಗಳು ಕೆಲವು ದಿನಗಳಿಂದ ಒಂದೆರಡು ವಾರ ತೇಲಾಡಿ, ಮಳೆಯಿಂದಲೋ ತಾವಾಗಿಯೋ ನೆಲಕ್ಕಿಳಿಯುತ್ತವೆ. ಆದ್ದರಿಂದ ಇಂದಿನ ಹೊಲಸು ಗಾಳಿ ಬಹುಮಟ್ಟಿಗೆ ಇಂದಿನ ಮತ್ತು ಈ ವಾರದ ಹೊಗೆಯ ಫಲ. ಹೊಗೆ ನಿಲ್ಲಿಸಿದರೆ ಪ್ರಯೋಜನಕ್ಕಾಗಿ ಮುಂದಿನ ತಲೆಮಾರಿನವರೆಗೆ ಕಾಯಬೇಕಾಗಿಲ್ಲ.

ಪೂರ್ತಿ ಶುದ್ಧವಾಯಿತೇ?

ಇಲ್ಲ. ಅನಿಲ ಇಳಿದಷ್ಟು ಪ್ರಮಾಣದಲ್ಲಿ ಕಣಗಳು ಎಲ್ಲೆಡೆ ಇಳಿಯಲಿಲ್ಲ. ಸೌದೆ ಒಲೆ, ಕಸಕ್ಕಿಡುವ ಬೆಂಕಿ, ಮಣ್ಣಿನ ಧೂಳು, ವಿದ್ಯುತ್ ಸ್ಥಾವರಗಳ ಹೊಗೆ ಪೂರ್ತಿ ನಿಂತಿರಲಿಲ್ಲ. ಹಲವು ನಗರಗಳಲ್ಲಿ ಓಜೋನ್ ಅನಿಲ ಹೆಚ್ಚಿತು. ವಾಹನದ ಹೊಗೆಯ ನೈಟ್ರಿಕ್ ಆಕ್ಸೈಡ್ ಓಜೋನನ್ನು ಕಬಳಿಸುತ್ತದೆ. ಅದು ಕಡಿಮೆಯಾದಾಗ ಓಜೋನ್ ಉಳಿದುಕೊಂಡಿತು. ನೆಲಮಟ್ಟದ ಓಜೋನ್ ಎಲೆಯ ರಂಧ್ರಗಳಲ್ಲಿ ಒಳಹೊಕ್ಕು ಗೋಧಿ, ಆಲೂಗಡ್ಡೆ, ಸೋಯಾ ಮುಂತಾದ ಬೆಳೆಗಳ ಇಳುವರಿಯನ್ನು ತಗ್ಗಿಸಬಲ್ಲದು. ಆದುದರಿಂದ ಒಂದು ಬಗೆಯ ಹೊಗೆಯನ್ನು ಮಾತ್ರ ನಿಲ್ಲಿಸಿದರೆ ಸಾಲದು.

ಇನ್ನೊಂದು ಮಾತನ್ನೂ ಮರೆಯಬಾರದು. ಮಾರ್ಚ್ 27ರಂದು ಬೇಸಾಯದ ಕೆಲಸಗಳಿಗೂ ಮಾರುಕಟ್ಟೆಗಳಿಗೂ ವಿನಾಯಿತಿ ದೊರೆತರೂ ಸಾಗಣೆ ಮತ್ತು ಗಿರಾಕಿಗಳಿಲ್ಲದೆ ರಾಜ್ಯದ ಎಷ್ಟೋ ರೈತರ ತರಕಾರಿ, ಹೂವು, ಹಣ್ಣು ಹೊಲದಲ್ಲೇ ಕೊಳೆತವು. ಕೂಲಿಕಾರರು ನೂರಾರು ಮೈಲಿ ನಡೆದರು. ಬದುಕನ್ನು ನಿಲ್ಲಿಸಿ ಗಾಳಿಯನ್ನು ಶುದ್ಧಮಾಡುವುದು ಮಾರ್ಗವಲ್ಲ. ಸಂಚಾರ ಮರಳಿದಂತೆ ಹೊಗೆಯೂ ಮರಳಿತು. ಬದುಕು ನಡೆಯುತ್ತಿರುವಾಗಲೇ ಹೊಗೆಯನ್ನು ತಗ್ಗಿಸುವುದು ನಿಜವಾದ ಕೆಲಸ.

ನಮ್ಮ ಪಾಲು

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೊಡನೆ ನಮಗೆ ಹತ್ತಿರದ ದಾವಣಗೆರೆಯೂ ಸೇರಿದೆ. ಗಾಳಿಗೆ ತಾಲ್ಲೂಕಿನ ಗಡಿಯಿಲ್ಲ. ಹೊಲದ ಹೊಗೆಯಲ್ಲಿಯೂ ಮಿಲಿಮೀಟರಿನ ನಾನೂರನೆಯ ಒಂದು ಭಾಗಕ್ಕಿಂತ ಸಣ್ಣ ಕಣಗಳಿದ್ದು, ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚಳಿಗಾಲದ ಸಂಜೆ ನೆಲದ ಬಳಿ ತಣ್ಣನೆಯ ಗಾಳಿ ನಿಂತು ಹೊಗೆ ಮೇಲೇರುವುದಿಲ್ಲ. ಅದನ್ನು ಮೊದಲು ಉಸಿರಾಡುವವರು ನಮ್ಮ ಮನೆಯ ಮಕ್ಕಳು, ವೃದ್ಧರೇ.

ರೈತರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ತೆಂಗಿನ ಮಟ್ಟೆಯನ್ನು ಸುಡಬೇಡಿ. ಮಳೆಗಾಲದ ಆರಂಭದಲ್ಲಿ ಸಾಲುಗಳ ನಡುವೆ, ಮರದ ಬುಡದಿಂದ ಸುಮಾರು 3 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಅಗಲ ಮತ್ತು ಅಷ್ಟೇ ಆಳದ ಕಾಲುವೆ ತೆಗೆದು, ಮಟ್ಟೆಯ ಒಳಮೈ ಮೇಲಕ್ಕಿರುವಂತೆ ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚಬೇಕು. ಇದು 5ರಿಂದ 7 ವರ್ಷ ತೇವವನ್ನು ಹಿಡಿದಿಡುತ್ತದೆ.

2. ರಾಗಿ ಹುಲ್ಲು ಮೇವಾಗುವುದರಿಂದ ಅದನ್ನು ಸುಡುವವರಿಲ್ಲ. ಮುಸುಕಿನ ಜೋಳದ ದಂಟನ್ನೂ ಹೀಗೆಯೇ ಬೆಲೆಯುಳ್ಳ ವಸ್ತುವೆಂದು ತಿಳಿಯಬೇಕು. ಅದನ್ನು ಕತ್ತರಿಸಿ ಸಗಣಿಯೊಡನೆ ಗುಂಡಿಗೆ ಹಾಕಿದರೆ ಕಾಂಪೋಸ್ಟ್ ಆಗುತ್ತದೆ.

3. ಭತ್ತದ ಹುಲ್ಲನ್ನು ಸುಡಬಾರದು. ಒಂದು ಟನ್ ಹುಲ್ಲಿನಲ್ಲಿ ಸುಮಾರು 5ರಿಂದ 6 ಕಿ.ಗ್ರಾಂ. ಸಾರಜನಕವಿರುತ್ತದೆ. ಸುಟ್ಟಾಗ ಇದರ ಬಹುಪಾಲು ಹೊಗೆಯೊಡನೆ ಹೋಗುತ್ತದೆ.

4. ಸೋಗೆ, ಅಡಿಕೆ ಸಿಪ್ಪೆ, ಕಳೆಗಳನ್ನು ತೋಟದ ಹೊದಿಕೆಗೆ ಅಥವಾ ಕಾಂಪೋಸ್ಟಿಗೆ ಬಳಸಬೇಕು. ಪ್ಲಾಸ್ಟಿಕ್ ಚೀಲ, ಹನಿ ನೀರಾವರಿಯ ಹಳೆಯ ಪೈಪುಗಳನ್ನು ಎಂದಿಗೂ ಸುಡಬಾರದು.

ಲಾಕ್‌ಡೌನಿನ ದಿನಗಳು ಕಷ್ಟದ ದಿನಗಳು. ಆದರೂ ಹೊಗೆ ನಿಂತರೆ ಗಾಳಿ ಕೆಲವೇ ದಿನಗಳಲ್ಲಿ ತಿಳಿಯಾಗುವುದೆಂಬುದನ್ನು ಅವು ತೋರಿಸಿಕೊಟ್ಟವು. ಗೊಬ್ಬರವಾಗಬೇಕಾದುದನ್ನು ಹೊಗೆಯಾಗಲು ಬಿಡದಿದ್ದರೆ ಮಣ್ಣಿಗೂ ಲಾಭ, ಉಸಿರಿಗೂ ಲಾಭ. ಈ ಬೇಸಿಗೆಯಲ್ಲಿ ಬೆಂಕಿಕಡ್ಡಿ ಗೀರುವ ಮುನ್ನ ರೈತ ಬಾಂಧವರು ಇದನ್ನು ನೆನೆಯಬೇಕು.